ಪಾರ್ಕಿಗೆ ಹೋದ ಎಡೆ

ಸಂಜೆ ದೀಪ ಹಚ್ಚಿದ ಮೇಲೆ, ಅಂದು ದೇವರು ಮಾಡಿದ ಸಣ್ಣಪುಟ್ಟ ಉಪಕಾರಗಳನ್ನು ಅವನಿಗೇ ನೆನಪಿಸುವುದು ನನ್ನ ಅಭ್ಯಾಸ. ಹಾಲು ಉಕ್ಕುವ ಮೊದಲೇ ಕಣ್ಣಿಗೆ ಬಿತ್ತು, ಉಪಕಾರ. ನಲ್ಲಿ ನೀರು ಬಂದ ಹೊತ್ತಿಗೆ ಕರೆಂಟೂ ಇತ್ತು, ಉಪಕಾರ. ದೊಡ್ಡದನ್ನು ಕೇಳಲು ನನಗೆ ಸಂಕೋಚ. ದೇವರಾಯನದುರ್ಗದ ಬೆಟ್ಟ ಹತ್ತಿ ಸ್ವಾಮಿಯ ಮುಂದೆ ನಿಂತರೂ ಬಾಯಿಗೆ ಬರುವುದು, "ಈ ಸಲ ಉಪ್ಪಿನಕಾಯಿ ಬೂಷ್ಟು ಹಿಡೀದಿರಲಿ ತಂದೆ" ಎನ್ನುವಂಥದ್ದೇ. ಇಂಥ ನನ್ನ ಲೆಕ್ಕದಲ್ಲಿ ಹಕ್ಕಿಗಳು ಬಂದು ಸೇರಿದ್ದು ನಮ್ಮ ಅತ್ತೆಯ ಸಕ್ಕರೆ ಕಾಯಿಲೆಯಿಂದ.

"ದಿನಾ ನಡೀಬೇಕು ಅಜ್ಜಿ" ಎಂದು ಡಾಕ್ಟರು ಹೇಳಿದ್ದರು. ತುಮಕೂರಿನ ನಮ್ಮ ಬೀದಿಯ ಕೊನೆಯಲ್ಲೇ ಒಂದು ಪಾರ್ಕಿದೆ. ಅತ್ತೆಯ ಪ್ರಕಾರ ನಡಿಗೆ ಎಂದರೆ ಪಾರ್ಕಿನ ಗೇಟಿನಿಂದ ಮೊದಲನೇ ಕಲ್ಲುಬೆಂಚಿನವರೆಗೆ. ಅಲ್ಲಿ ಕುಕ್ಕರಿಸಿ, ಸೆರಗಿನಿಂದ ಗಾಳಿ ಬೀಸಿಕೊಂಡು, "ಆಯ್ತು ಕಣೇ ಇವತ್ತಿನ ವಾಕಿಂಗು. ಡಾಕ್ಟ್ರು ಕೇಳಿದ್ರೆ ಹೇಳು" ಎನ್ನುತ್ತಿದ್ದರು. ಅವರನ್ನು ಕೂರಿಸಿ ನಾನೊಬ್ಬಳೇ ಸುತ್ತು ಹಾಕುವುದು ಬೇಜಾರು. ಎದುರು ಮನೆಯ ಆಪಾ ಜೊತೆಯಾದರು, ಅದೂ ಉಪಕಾರವೇ. ಪೇಟೆಯಲ್ಲಿ ಅವರದು ಪಾತ್ರೆ ಅಂಗಡಿ. ಬೆಳಗಿನ ನಮಾಜು ಮುಗಿಸಿ, ಬುರ್ಖಾ ಮೇಲೆ ಒಂದು ದುರ್ಬೀನು ನೇತು ಹಾಕಿಕೊಂಡು ಬರುತ್ತಿದ್ದರು. ದುರ್ಬೀನನ್ನು ಅವರ ಯಜಮಾನರು ಈದ್ ಹಬ್ಬದ ಚಂದ್ರನನ್ನು ನೋಡಲೆಂದು ತಂದದ್ದು.

"ವರ್ಷಕ್ಕೆ ಎರಡು ಸಂಜೆ ಕೆಲಸ ಮಾಡುತ್ತೆ ಇದು. ಮಿಕ್ಕಿದ ದಿನ ಬೀರೂನಲ್ಲಿ ನಿದ್ದೆ" ಎಂದು ಆಪಾ ನಗುತ್ತಿದ್ದರು. "ಕೂತು ತಿನ್ನೋರು ನಮ್ಮನೇಲಿ ಆಗ್ಲೇ ಜಾಸ್ತಿ ಇದಾರೆ. ಅದಕ್ಕೆ ಇದಕ್ಕೊಂದು ಡ್ಯೂಟಿ ಕೊಟ್ಟೆ."

ದುರ್ಬೀನಿನಲ್ಲಿ ಕಂಡದ್ದಕ್ಕೆ ಹೆಸರು ಹೇಳಲು ಒಬ್ಬ ಮೇಷ್ಟ್ರು ಇದ್ದರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ರಿಟೈರಾದವರು. ಮಳೆಗಾಲ ಮುಗಿಯುತ್ತಿದ್ದಂತೆ, ಉತ್ತರದ ಚಳಿ ತಾಳಲಾರದೆ ದಕ್ಷಿಣಕ್ಕೆ ಬರುವ ಹಕ್ಕಿಗಳನ್ನು ಎದುರುಗೊಳ್ಳಲು ಅವರು ದಿನವೂ ಕೊಡೆ ಹಿಡಿದು ಪಾರ್ಕಿಗೆ ಬರುತ್ತಿದ್ದರು. ಬಸ್‌ಸ್ಟ್ಯಾಂಡಿನಲ್ಲಿ ಬೀಗರಿಗಾಗಿ ಕಾಯುವವರ ಹಾಗೆ ನಿಲ್ಲುತ್ತಿದ್ದರು. ಪಾಪ, ಸಂಭಾವಿತ ಮನುಷ್ಯ. ಅಷ್ಟು ಸಂಭಾವಿತರಾಗಿದ್ದೇ ತೊಂದರೆಯಾಯಿತು.

ಸೋರುವ ನಲ್ಲಿಯ ಹತ್ತಿರ ಒಂದು ದಿನ ಸಣಕಲು ಹಕ್ಕಿಯೊಂದು ಹಿಂಭಾಗ ಕುಣಿಸುತ್ತ ಓಡಾಡುತ್ತಿತ್ತು.

"ಮಾಸ್ಟ್ರೇ, ಇದ್ಯಾವುದು? ಒಂದು ಘಳಿಗೆ ಸುಮ್ನೆ ನಿಲ್ತಾ ಇಲ್ಲ" ಎಂದರು ಆಪಾ, ದುರ್ಬೀನು ಕಣ್ಣಿಗೊತ್ತಿಕೊಂಡು.

ಮೇಷ್ಟ್ರು ಕೆಮ್ಮಿದರು. "ಅದಾ... ಬಾಲ ಆಡಿಸೋ ಜಾತಿದಮ್ಮ. ಬಹಳ ದೂರದಿಂದ ಬಂದಿದೆ. ಇಂಗ್ಲಿಷ್‌ನಲ್ಲಿ ವ್ಯಾಗ್‌ಟೇಲ್ ಅಂತಾರೆ."

"ಕನ್ನಡದಲ್ಲಿ?"

ಮೇಷ್ಟ್ರು ಲೈಟುಕಂಬದ ತುದಿ ನೋಡತೊಡಗಿದರು. ಬೆಂಚಿನ ಮೇಲಿಂದ ಅತ್ತೆಯ ಗಂಟಲು ಎದ್ದಿತು. "ಕುಂಡೆಕುಸ್ಕ ಕಣಪ್ಪಾ! ನಮ್ ಚೇಳೂರ್ ಕಡೆ ಎಳೇ ಮಕ್ಳೂ ಅಂತವೆ. ಹೆಂಗಸ್ರ ಮುಂದೆ ಹೇಳ್ಬಾರ್ದು ಅಂತ ನುಂಗ್ಕೊತೀಯಲ್ಲ, ಆ ಹಕ್ಕಿಗೇ ನಾಚ್ಕೆ ಇಲ್ಲ, ನಿಂಗ್ಯಾಕೆ?"

ಆಪಾ ಅರ್ಥ ಕೇಳಿದರು. ಅತ್ತೆ ಕೂತಲ್ಲೇ ಅರ್ಥ ಮಾಡಿ ತೋರಿಸಿದರು. ಆಪಾ ನಕ್ಕ ನಗೆಗೆ ಹಕ್ಕಿ ಹಾರಿಹೋಯಿತು, ಮೇಷ್ಟ್ರೂ ಹೋದರು. ಆಮೇಲೆ ಟ್ರ್ಯಾಕ್ ಪ್ಯಾಂಟು ಹಾಕಿಕೊಂಡು ಸೊಂಟ ತಿರುಗಿಸುತ್ತ ಬಿರಬಿರನೆ ನಡೆಯುವ ಯಾರನ್ನು ಕಂಡರೂ ಅತ್ತೆ, "ನೋಡು, ನೋಡು, ಬಂತು ದೂರದಿಂದ" ಎನ್ನುವರು. ಎಷ್ಟು ಸಭ್ಯರು ನಮ್ಮ ಬೆಂಚಿನ ಮುಂದೆ ಹಾಯುವಾಗ ಕಾರಣ ತಿಳಿಯದೆ ನಡಿಗೆ ನಿಧಾನ ಮಾಡಿದರೋ.

ಆ ವರ್ಷ ಅಧಿಕಮಾಸ ಬಂದು ಹಬ್ಬಗಳೆಲ್ಲ ತಡವಾಗಿದ್ದವು. ಪಿತೃಪಕ್ಷ ಅಕ್ಟೋಬರಿಗೆ ಬಂತು. ಮಾವನ ವರ್ಷದ ತಿಥಿ ಮುಗಿದ ಮೇಲೆ ಬಂದ ಮೊದಲ ಪಿತೃಪಕ್ಷ ಅದು. ಅಮಾವಾಸ್ಯೆಯ ದಿನ ಅವರಿಗೆ ಎಡೆ ಇಡಬೇಕು. ನಮ್ಮಲ್ಲಿ ಸತ್ತವರ ಫೋಟೋ ಮುಂದೆ ಎಲೆ ಹಾಸಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ ಪೂಜೆ ಮಾಡುತ್ತೇವೆ. ಅದರಲ್ಲಿ ಒಂದು ಪಾಲನ್ನು ತಾರಸಿಯ ಮೇಲೆ ಕಾಗೆಗೆ ಇಡುತ್ತೇವೆ. ಕಾಗೆ ಮುಟ್ಟಿತೆಂದರೆ ಹಿರಿಯರು ಉಂಡರು ಎಂದರ್ಥ. ಆಮೇಲೆ ಮನೆಯವರ ಊಟ.

ಮಾವನಿಗೋ ಜೀವವಿದ್ದಾಗಲೂ ಊಟದ ಮೇಲೆ ಮುನಿಸಿಕೊಳ್ಳುವುದೇ ಒಂದು ಹವ್ಯಾಸ. ಚೇಳೂರಿನಲ್ಲಿದ್ದಾಗ, ಸಾರಿಗೆ ಉಪ್ಪು ಕಡಿಮೆಯಾಯಿತೆಂದು ಎದ್ದು ಹೋಗಿ ತೆಂಗಿನತೋಟದಲ್ಲಿ ಕೂತುಬಿಡುತ್ತಿದ್ದರಂತೆ. ಅತ್ತೆ ಬುತ್ತಿ ಹೊತ್ತು ಹೋಗಿ ಉಣ್ಣಿಸಿ ಬರಬೇಕು. ತುಮಕೂರಿಗೆ ನಮ್ಮ ಜೊತೆ ಬಂದ ಮೇಲೆ ತೋಟವಿಲ್ಲದ್ದರಿಂದ ವರಾಂಡದಲ್ಲಿ ಕೂರುತ್ತಿದ್ದರು. ಒಮ್ಮೆ ಕುಣಿಗಲ್ಲಿನಿಂದ ನನ್ನ ತಮ್ಮ ಬಂದಿದ್ದಾಗ, ತಮಗಿಂತ ಮೊದಲು ಅವನಿಗೆ ಬಡಿಸಿದೆನೆಂದು ಮಾವ ವರಾಂಡ ಸೇರಿದರು. ಅತ್ತೆ ಕರೆಯಲು ಹೋಗಲಿಲ್ಲ. ಮಾವನ ತಟ್ಟೆಯ ಕಡ್ಲೆಬೇಳೆ ವಡೆಯನ್ನು ಎತ್ತಿ, "ತಗೋಳಪ್ಪ, ಇದನ್ನೂ ನೀನೇ ತಿನ್ನು, ತಿನ್ನೋರಿಲ್ಲ" ಎಂದು ತಮ್ಮನ ಎಲೆಗೆ ಹಾಕಿದರು. ಮಾವ ಒಳಗೆ ಬಂದು, ಯಾರ ಮುಖವನ್ನೂ ನೋಡದೆ, ತಮ್ಮನ ಎಲೆಯಿಂದಲೇ ಆ ವಡೆ ತೆಗೆದು ಬಾಯಿಗೆ ಹಾಕಿಕೊಂಡರು. ತಮ್ಮ ಇವತ್ತಿಗೂ ನಮ್ಮನೆಯಲ್ಲಿ ಊಟಕ್ಕೆ ಕೂತರೆ ಎಡಗೈಯಿಂದ ಎಲೆ ಕಾಯುತ್ತಾನೆ.

ಅಮಾವಾಸ್ಯೆಯ ಹಿಂದಿನ ದಿನ ಬೆಳಿಗ್ಗೆ ಮೇಷ್ಟ್ರು ತಮ್ಮ ನಾಚಿಕೆಯನ್ನೆಲ್ಲ ಮರೆತು ನಮ್ಮ ಬೆಂಚಿಗೇ ಓಡಿಬಂದರು. "ನವರಂಗ ಬಂದಿದೆ! ಬನ್ನಿ, ಮೆಲ್ಲಗೆ ಬನ್ನಿ."

ಪಾರ್ಕಿನ ಹಿಂದಿನ ಮೂಲೆಯಲ್ಲಿ ಒಂದು ಬಿದಿರುಮೆಳೆ ಇದೆ. ಅದರ ಬುಡದ ತರಗೆಲೆಯಲ್ಲಿ, ಗೊರವಂಕನಷ್ಟೂ ದೊಡ್ಡದಲ್ಲದ, ಬಾಲ ಮೊಟಕಾದ ಹಕ್ಕಿ ನಿಂತಿತ್ತು. ಬೆನ್ನು ಹಸಿರು, ರೆಕ್ಕೆಯಲ್ಲಿ ಒಂದು ತುಣುಕು ನೀಲಿ, ಹೊಟ್ಟೆಯಡಿ ಕುಂಕುಮ, ಕಣ್ಣಿಗೆ ಕಾಡಿಗೆ. ಮದುವೆ ಮನೆಗೆ ಹೊರಟವರು ದಾರಿ ತಪ್ಪಿ ನಮ್ಮ ಪಾರ್ಕಿಗೆ ಬಂದ ಹಾಗಿತ್ತು. ಹಿಮಾಲಯದ ತಪ್ಪಲಿನಿಂದ ರಾತ್ರಿಯೆಲ್ಲ ಹಾರುತ್ತ, ಹಗಲು ಸಿಕ್ಕಲ್ಲಿ ತಂಗುತ್ತ ಬರುತ್ತದಂತೆ. ಬಂದಾಗ ರೆಕ್ಕೆಯಲ್ಲಿ ತ್ರಾಣ ಇರುವುದಿಲ್ಲವಂತೆ.

ನಾನು ಮನಸ್ಸಿನಲ್ಲೇ ಕೈಮುಗಿದೆ. ಅತ್ತೆ ದುರ್ಬೀನು ಇಸಿದುಕೊಂಡು ಬಹಳ ಹೊತ್ತು ನೋಡಿದರು. ಅದನ್ನು ತಿರುಗುಮುರುಗು ಹಿಡಿದಿದ್ದರೆಂದು ಆಮೇಲೆ ಗೊತ್ತಾಯಿತು. "ಅಷ್ಟ್ ದೂರದಲ್ಲಿ ಅಷ್ಟ್ ಚಿಕ್ದಾಗಿ ಇದ್ರೂ ಎಷ್ಟ್ ಚೆಂದ ಕಾಣ್ತದೆ" ಎಂದರು.

ಅಷ್ಟರಲ್ಲಿ ಕಾಗೆಗಳಿಗೆ ಸುದ್ದಿ ಮುಟ್ಟಿತು. ಒಂದು ಬಂತು, ಕೂಗಿತು, ಹತ್ತಾರು ಬಂದವು. ಹೊಸಬರನ್ನು ಕಂಡರೆ ಕಾಗೆಗಳಿಗೆ ಆಗುವುದಿಲ್ಲ. ನವರಂಗ ಮೆಳೆಯೊಳಗೆ ನುಸುಳಿತು. ಮೇಷ್ಟ್ರು ಕೊಡೆ ಬಿಚ್ಚಿ, ಮುಚ್ಚಿ, ಬೀಸಿ ಸುಸ್ತಾದರು. "ಇವಕ್ಕೆ ಪಕ್ಷದಲ್ಲಿ ತಿಂದು ತಿಂದು ಕೊಬ್ಬು. ಬೇರೆ ಕೆಲಸ ಇಲ್ಲ" ಎಂದು ಗೊಣಗಿದರು. ಕಾಗೆಗಳ ಮೇಲೆ ಅವರಿಗೆ ಮೊದಲೇ ಸಿಟ್ಟು. ಜನ ಮಿಕ್ಸ್‌ಚರ್, ಬನ್ನು ಎಸೆದು ಕಾಗೆ ಹೆಚ್ಚಿಸುತ್ತಾರೆಂದು ಓಡಾಡಿ, ಗೇಟಿನ ಬಳಿ 'ಪಾರ್ಕಿನೊಳಗೆ ಪಕ್ಷಿಗಳಿಗೆ ತಿಂಡಿ ಹಾಕಬಾರದು' ಎಂಬ ಬೋರ್ಡು ಹಾಕಿಸಿದವರೇ ಅವರು.

ಮರುದಿನ ಅಮಾವಾಸ್ಯೆ. ನಸುಕಿಗೇ ಎದ್ದು ಮಡಿಯಲ್ಲಿ ಅಡಿಗೆ ಮಾಡಿದೆ. ಕಜ್ಜಾಯ, ಗಸಗಸೆ ಪಾಯಸ, ಕುಂಬಳಕಾಯಿ ಪಲ್ಯ, ಹುಳಿ, ಮಾವನ ಪ್ರಾಣವಾದ ಕಡ್ಲೆಬೇಳೆ ವಡೆ. ಯಾವುದೂ ಸೀಯಲಿಲ್ಲ, ಎಣ್ಣೆ ಸಿಡಿಯಲಿಲ್ಲ, ನಮ್ಮ ಮನೆಯವರು ಅಂತರಸನಹಳ್ಳಿಯ ಫ್ಯಾಕ್ಟರಿಗೆ ರಜೆ ಹಾಕಿದ್ದರು. ಉಪಕಾರಗಳೇ ಉಪಕಾರಗಳು. ಪೂಜೆ ಮುಗಿಸಿ, ಎಲೆಯಲ್ಲಿ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಬಡಿಸಿ ತಾರಸಿಗೆ ಒಯ್ದೆವು.

"ಕಾ... ಕಾ..." ಎಂದು ಕರೆದರು ಅತ್ತೆ.

ಕಾಗೆ ಇಲ್ಲ.

ಪಕ್ಕದ ತಾರಸಿಯಲ್ಲಿ ಬ್ಯಾಂಕಿನಲ್ಲಿ ಕೆಲಸ ಮಾಡುವವರು ಪಂಚೆ ಉಟ್ಟು ಕಾ ಎನ್ನುತ್ತಿದ್ದರು. ಆಚೆ ಮನೆಯಲ್ಲಿ ಗಂಡ ಹೆಂಡತಿ ಸರದಿಯ ಮೇಲೆ ಕಾ ಎನ್ನುತ್ತಿದ್ದರು. ಇಡೀ ಬೀದಿಯ ತಾರಸಿಗಳ ಮೇಲೆ ಮರ್ಯಾದಸ್ಥರು ಆಕಾಶಕ್ಕೆ ಮುಖ ಮಾಡಿ ಅರಚುತ್ತಿದ್ದರು, ಒಂದಾದರೂ ನಿಜವಾದ ಕಾಗೆಯ ಸದ್ದಿಲ್ಲ.

"ಮುನಿಸ್ಕೊಂಡವ್ರೆ" ಎಂದರು ಅತ್ತೆ. "ಏನೋ ಕಮ್ಮಿ ಆಗದೆ ಕಣೇ. ನಂಗ್ ಗೊತ್ತು ಅವ್ರ ಬುದ್ಧಿ."

ಕಮ್ಮಿಯಾದದ್ದು ತಟ್ಟೆ ಇಡ್ಲಿ ಎಂದು ತೀರ್ಮಾನವಾಯಿತು. ನಮ್ಮ ಮನೆಯವರು ಗಾಡಿ ಹತ್ತಿ ಹೋಗಿ ಬೆಣ್ಣೆ ಹಾಕಿಸಿ ತಂದರು. ಇಟ್ಟೆವು. ಬಂದದ್ದು ಒಂದು ಅಳಿಲು. ಅತ್ತೆ ಅದನ್ನು ಬೈದು ಓಡಿಸಿದರು.

ಅಷ್ಟು ಹೊತ್ತು ನನಗೆ ನಗುವೇ ಬರುತ್ತಿತ್ತು. ಆಮೇಲೆ ಅತ್ತೆಯ ಕೈ ನೋಡಿದೆ. ಸೆರಗು ಹಿಡಿದ ಬೆರಳು ಸಣ್ಣಗೆ ನಡುಗುತ್ತಿತ್ತು. ಅಭ್ಯಾಸಬಲದಿಂದ ಬೆಳಿಗ್ಗೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿಬಿಟ್ಟಿದ್ದರು, ಹೊಟ್ಟೆಗೆ ಏನೂ ಬೀಳದೆ ಮೈಯ ಸಕ್ಕರೆ ಇಳಿಯತೊಡಗಿತ್ತು. ಬಿಸಿಲು ಏರುತ್ತಿತ್ತು.

"ಅವ್ವ, ಒಂದು ಇಡ್ಲಿ ತಿನ್ನು ಸಾಕು" ಎಂದರು ಮಗ.

"ನಿಮ್ಮಪ್ಪ ಉಪಾಸ ಕೂತವ್ರೆ. ನಾನು ತಿನ್ಲಾ?"

"ಬೆಲ್ಲನಾದ್ರೂ ಬಾಯಿಗೆ ಹಾಕ್ಕೊಳಿ ಅತ್ತೆ" ಎಂದು ಅಚ್ಚು ಹಿಡಿದೆ. ಅವರು ಔಷಧಿ ಬೇಡವೆನ್ನುವ ಮಗುವಿನ ಹಾಗೆ ತುಟಿ ಬಿಗಿದುಕೊಂಡರು. "ಬಲವಂತ ಮಾಡಿದ್ರೆ ಬೆಲ್ಲಾನೂ ಉಗುಳ್ತೀನಿ, ನಿಂಗೂ ಉಗೀತೀನಿ, ಸುಮ್ಕಿರು."

ಎದುರು ತಾರಸಿಯಲ್ಲಿ ಬಟ್ಟೆ ಒಣಗಿಸುತ್ತಿದ್ದ ಆಪಾ ನಮ್ಮ ಮುಖಗಳನ್ನು ನೋಡಿ, "ಏನಾಯ್ತಮ್ಮಾ?" ಎಂದು ಕೂಗಿದರು. ನಾನೂ ಕೂಗಿ ಹೇಳಿದೆ. ಅವರು ಒಳಗೆ ಹೋಗಿ ದುರ್ಬೀನು ತಂದರು. ಈದಿನ ಚಂದ್ರನನ್ನು ಹುಡುಕುವಷ್ಟೇ ಶ್ರದ್ಧೆಯಿಂದ ಸುತ್ತಲೂ ನೋಡಿದರು.

"ಸಿಕ್ಕಿದ್ರು! ಎಲ್ಲಾರೂ ಪಾರ್ಕಲ್ಲಿ ಅವ್ರೆ! ಆ ಬಿದಿರಿನ ಮೇಲೆ, ಕರೀಗೆ ತುಂಬ್ಕೊಂಡವ್ರೆ. ಮಾಸ್ಟ್ರು ಕೆಳಗಡೆ ಛತ್ರಿ ಬೀಸ್ತಾ ಇದಾರೆ."

ಬೀದಿಯ ಕಾಗೆಗಳೆಲ್ಲ ನಮ್ಮ ಹಿರಿಯರನ್ನು ಉಪವಾಸ ಕೆಡವಿ ನವರಂಗನ ಹಿಂದೆ ಬಿದ್ದಿದ್ದವು.

ಎಡೆಯನ್ನು ಮನೆಯಿಂದ ಆಚೆ ಒಯ್ಯಬಹುದೇ ಎಂದು ನನಗೆ ಅನುಮಾನ. ಶಾಸ್ತ್ರ ಯಾರನ್ನು ಕೇಳುವುದು ಎನ್ನುವಷ್ಟರಲ್ಲಿ ಅತ್ತೆ ಎಲೆಯನ್ನು ತಟ್ಟೆಗಿಟ್ಟುಕೊಂಡು ಮೆಟ್ಟಿಲಿಳಿಯುತ್ತಿದ್ದರು. "ತೋಟದಲ್ಲಿ ಕೂತ್ರೆ ತೋಟಕ್ಕೆ ಹೊತ್ಕೊಂಡು ಹೋಗಿಲ್ವಾ? ಈಗ ಪಾರ್ಕಲ್ಲಿ ಕೂತವ್ರೆ. ನಂಗೇನ್ ಹೊಸದಾ ಇದು?"

ನಾನು ಒಂದು ಕೆಲಸ ಮಾಡಿದೆ. ಫೋಟೋ ಮುಂದಿನ ದೀಪ ನೋಡಿಕೊಳ್ಳಲು ನಮ್ಮ ಮನೆಯವರನ್ನು ಬಿಟ್ಟು, ಯಾರಿಗೂ ಹೇಳದೆ ಒಂದು ಡಬ್ಬಿಗೆ ಅನ್ನ ಹುಳಿ, ಪಲ್ಯ, ಎರಡು ವಡೆ ತುಂಬಿ ಬ್ಯಾಗಿಗೆ ಹಾಕಿಕೊಂಡೆ. ಕಾಗೆ ಮುಟ್ಟಿದ ಮರುಘಳಿಗೆಯೇ ಅತ್ತೆಯ ಬಾಯಿಗೆ ತುತ್ತು ಬೀಳಬೇಕಿತ್ತು.

ಅತ್ತೆ ಒಂದು ಕೈಯಲ್ಲಿ ತಟ್ಟೆ, ಇನ್ನೊಂದು ಕೈ, ದುರ್ಬೀನಿನ ಸಮೇತ ಬೀದಿಗಿಳಿದು ಬಂದ ಆಪಾರ ತೋಳಿನ ಮೇಲೆ ಇಟ್ಟುಕೊಂಡು ನಡೆದ ವೇಗಕ್ಕೆ ನಾನು ಓಡಬೇಕಾಯಿತು. ಗೇಟು ದಾಟಿದರು, ಮೊದಲನೇ ಬೆಂಚನ್ನೂ ದಾಟಿದರು. ನನ್ನ ತಿಳಿವಳಿಕೆಯಲ್ಲಿ ಆ ಬೆಂಚನ್ನು ಅವರು ಕೂರದೆ ದಾಟಿದ್ದು ಅದೇ ಮೊದಲು.

ಮೇಷ್ಟ್ರು ಎಲೆ ನೋಡಿದರು, ದೂರದ ಬೋರ್ಡು ನೋಡಿದರು. "ಅಮ್ಮಾ, ಇಲ್ಲಿ ತಿಂಡಿ ಹಾಕೋ ಹಾಗಿಲ್ಲ. ನಾನೇ ಬೋರ್ಡು..."

"ತಿಂಡಿ ಅಲ್ಲಪ್ಪ, ಊಟ" ಎಂದರು ಅತ್ತೆ.

ಮೆಳೆಯೊಳಗಿಂದ ನವರಂಗ ಒಂದು ಸಲ, ಎರಡು ಸ್ವರದಲ್ಲಿ, ಕ್ಷೀಣವಾಗಿ ಶಿಳ್ಳೆ ಹಾಕಿತು. ಕಾಗೆಗಳು ಮುಗಿಬಿದ್ದು ಕೂಗಿದವು. ಮೇಷ್ಟ್ರು ಗೇಟಿನತ್ತ ಬೆನ್ನು ತಿರುಗಿಸಿ ನಿಂತು ಬಹಳ ಮೆಲ್ಲಗೆ, "ಆ ಎದುರು ಮೂಲೆ ಕಾಂಪೌಂಡ್ ಮೇಲೆ ಇಡಿ. ಇಲ್ಲಿಂದ ಆದಷ್ಟು ದೂರ" ಎಂದರು.

"ಆ ಬಣ್ಣದ್ದೇ ಬಂದು ಮುಟ್ಟಿದ್ರೆ ನಡೆಯುತ್ತಾ ಅಮ್ಮಾ?" ಎಂದು ಆಪಾ ದಾರಿಯಲ್ಲಿ ಕೇಳಿದರು.

"ಥೂ, ಅದು ಅವ್ರಾಗಕ್ಕೆ ಸಾಧ್ಯ ಇಲ್ಲ ಬುಡವ್ವ. ಹುಟ್ಟಿದಾಗಿಂದ ಬಿಳೀ ಪಂಚೆ ಬಿಟ್ಟು ಇನ್ನೊಂದು ಉಟ್ಟೋರಲ್ಲ."

ಮೇಷ್ಟ್ರೂ ಕೊಡೆ ಹಿಡಿದು ನಮ್ಮ ಹಿಂದೆಯೇ ಬಂದರು. ಕಾಂಪೌಂಡಿನ ಮೇಲೆ ಎಲೆ ಇಟ್ಟು ಅತ್ತೆ ಕಾ ಎಂದರು. ವಡೆಯ ವಾಸನೆಗೋ, ಅತ್ತೆಯ ಗಂಟಲಿಗೋ, ಕಾಗೆಗಳು ಬಿದಿರು ಬಿಟ್ಟು ಒಂದೊಂದಾಗಿ ಬಂದವು. ಗೋಡೆಯ ಉದ್ದಕ್ಕೂ ಸಾಲಾಗಿ ಕೂತವು. ಕೂತವು ಅಷ್ಟೇ. ಹದಿನೈದು ದಿನ ಊರೆಲ್ಲದರ ಕಜ್ಜಾಯ ತಿಂದ ಹೊಟ್ಟೆಗಳು. ಕತ್ತು ವಾರೆ ಮಾಡಿ ಎಲೆ ನೋಡುವುದು, ಕೊಕ್ಕು ಗೋಡೆಗೆ ಉಜ್ಜುವುದು. ಮುಂದಿದ್ದ ಒಂದಂತೂ ನಮಗೆ ಬೆನ್ನು ಹಾಕಿ ಕೂತಿತ್ತು.

"ಅದೇ" ಎಂದರು ಅತ್ತೆ. "ಅದೇ ನಿಮ್ಮ ಮಾವ. ನೋಡು ಕೂತಿರೋ ಠೀವಿ."

ಮೊದಲು ಕರೆದರು. "ಬನ್ನಿ, ಸಾಕು. ಉಪ್ಪು ಸರಿಯಾಗದೆ. ನಾನೇ ನೋಡ್ದೆ." ಕಾಗೆ ಅಲುಗಲಿಲ್ಲ. ಆಮೇಲೆ ಬೈದರು. ಆಪಾ ಮೆಲ್ಲಗೆ ನನ್ನ ಕಿವಿಯಲ್ಲಿ, "ಇವ್ರು ಬೀಳ್ತಾರೆ ಕಣಮ್ಮ, ಹಣೆ ನೋಡು" ಎಂದರು. ಅತ್ತೆಯ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ನಾನು ಸ್ವಾಮಿಯನ್ನು ನೆನೆದೆ. ಆ ದಿನ ಉಪ್ಪಿನಕಾಯಿಯ ಮಾತೆತ್ತಲಿಲ್ಲ. ಇದೊಂದು ದೊಡ್ಡದನ್ನು ಮಾಡಿಕೊಡು ತಂದೆ ಎಂದೆ.

ಅತ್ತೆ ಕರೆಯುವುದನ್ನು ನಿಲ್ಲಿಸಿದರು. ಎಲೆಯ ಮೇಲಿದ್ದ ವಡೆಯನ್ನು ಎತ್ತಿಕೊಂಡು ಹಿಂದೆ ತಿರುಗಿ, ಬೇಕೆಂದೇ ಜೋರಾಗಿ ಹೇಳಿದರು. "ಮೇಷ್ಟ್ರೇ! ಬಾರಪ್ಪ ಇಲ್ಲಿ. ಬೆಳಗಿಂದ ಛತ್ರಿ ಬೀಸಿ ಸುಸ್ತಾಗಿದೀಯ. ತಗೋ, ಈ ವಡೆ ನೀನೇ ತಿನ್ನು. ತಿನ್ನೋರಿಲ್ಲ."

ಮೇಷ್ಟ್ರು ಕಕ್ಕಾಬಿಕ್ಕಿಯಾದರು. "ನನಗಾ? ಎಡೆದು... ಹೇಗಮ್ಮಾ..." ಎನ್ನುತ್ತಲೇ ಕೈ ಮುಂದೆ ಬಂತು. ಗರಿಗರಿಯಾದ ವಡೆ, ಅವರೂ ಬೆಳಗಿಂದ ಉಂಡಿರಲಿಲ್ಲ. ವಡೆ ಅವರ ಅಂಗೈ ಮುಟ್ಟಿತೋ ಇಲ್ಲವೋ, ಬೆನ್ನು ಹಾಕಿ ಕೂತಿದ್ದ ಕಾಗೆ ಸರ್ರನೆ ಬಂದು, ಅವರ ಕಿವಿಯ ಪಕ್ಕದಲ್ಲೇ ರೆಕ್ಕೆ ಬಡಿದು, ವಡೆಯನ್ನು ಕಸಿದುಕೊಂಡು ಹೋಯಿತು. ಮೇಷ್ಟ್ರು ಕೊಡೆಯ ಸಮೇತ ಹುಲ್ಲಿನ ಮೇಲೆ ಕೂತರು. ಮಿಕ್ಕ ಕಾಗೆಗಳಿಗೂ ಧೈರ್ಯ ಬಂದು ಎಲೆಗೆ ಮುತ್ತಿದವು.

"ನೋಡ್ದೇನೇ?" ಎಂದರು ಅತ್ತೆ. ಕಣ್ಣಲ್ಲಿ ನೀರಿತ್ತು, ಬಾಯಿ ನಗುತ್ತಿತ್ತು. "ಸತ್ರೂ ಬುದ್ಧಿ ಹೋಗಿಲ್ಲ."

ನಾನು ಅತ್ತೆಯನ್ನು ಹುಲ್ಲಿನ ಮೇಲೆ ಕೂರಿಸಿ ಡಬ್ಬಿ ತೆಗೆದೆ. ಮೊದಲ ತುತ್ತು ಕಲಸಿ ಅವರ ಬಾಯಿಗಿಟ್ಟದ್ದು ಆಪಾ. "ನಮ್ಮಲ್ಲೂ ಹೋದೋರ ಹೆಸ್ರಲ್ಲಿ ಹಲ್ವಾ ಮಾಡಿ ಹಂಚ್ತೀವಮ್ಮಾ. ಆದ್ರೆ ಅವ್ರು ಹೀಗೆ ಕಿತ್ಕೊಂಡು ಹೋಗಲ್ಲ" ಎಂದರು. ನಾಲ್ಕು ತುತ್ತಿಗೆ ಅತ್ತೆಯ ಬೆವರು ಆರಿತು. ಆರನೆಯದಕ್ಕೆ, "ಪಲ್ಯಕ್ಕೆ ಖಾರ ಕಮ್ಮಿ ಕಣೇ" ಎಂದರು. ಅವರು ಪೂರ್ತಿ ಹುಷಾರಾದರೆಂದು ನನಗೆ ಆಗ ಖಾತ್ರಿಯಾಯಿತು.

ಮೇಷ್ಟ್ರಿಗೆ ಡಬ್ಬಿಯ ವಡೆ ಕೊಟ್ಟೆ. ಅವರು ಆಕಾಶ ನೋಡಿಕೊಂಡು, ಎರಡು ಕೈಯಲ್ಲಿ ಮುಚ್ಚಿ ಹಿಡಿದು, ಬೇಗ ಬೇಗ ತಿಂದರು. ಆಮೇಲೆ ಬೆರಳು ತುಟಿಗಿಟ್ಟು ಬಿದಿರಿನ ಕಡೆ ತೋರಿಸಿದರು.

ಮೆಳೆ ಈಗ ನಿಶ್ಶಬ್ದವಾಗಿತ್ತು. ಆಪಾರ ದುರ್ಬೀನು ಇಸಿದುಕೊಂಡು ನೋಡಿದೆ, ತರಗೆಲೆಗಳ ಮೇಲೆ ನವರಂಗ ಹೊರಗೆ ಬಂದು ನಿಂತಿತ್ತು. ಒಂದು ಎಲೆ ಮಗುಚಿತು, ಒಂದು ಹುಳ ಎತ್ತಿತು, ನಮ್ಮ ಕಡೆ ಒಮ್ಮೆ ನೋಡಿ ಇನ್ನೊಂದು ಎಲೆ ಮಗುಚಿತು. ಅದೂ ಅಷ್ಟು ದೂರದಿಂದ ಬಂದು ಆಗಲೇ ಊಟಕ್ಕೆ ಕೂತಂತಿತ್ತು. ಅತ್ತೆಗೆ ದುರ್ಬೀನನ್ನು ಈ ಸಲ ಸರಿಯಾಗಿ ಹಿಡಿದುಕೊಟ್ಟೆ. "ಅಯ್ಯೋ, ಹತ್ರ ಬಂತು!" ಎಂದು ಬೆಚ್ಚಿದರು.

ಏಳುವಾಗ ಅತ್ತೆ ಕಾಂಪೌಂಡಿನ ಕಡೆ ತಿರುಗಿದರು. ಎಲೆ ಖಾಲಿಯಾಗಿತ್ತು. ಒಂದು ಕಾಗೆ ಮಾತ್ರ ಉಳಿದು, ಬೆನ್ನು ಹಾಕಿಕೊಂಡೇ ಕೂತು ಕೊಕ್ಕು ಒರೆಸಿಕೊಳ್ಳುತ್ತಿತ್ತು.

"ಮುಂದಿನ್ ವರ್ಷ ಮನೆಗೇ ಬನ್ನಿ" ಎಂದರು ಅದಕ್ಕೆ. "ಇಷ್ಟ್ ದೂರ ನಡೆಸ್ಬೇಡಿ ನನ್ನ. ಡಾಕ್ಟ್ರಿಗೇನಾರ ಗೊತ್ತಾದ್ರೆ ದಿನಾ ಇಷ್ಟೂ ನಡಿ ಅಂತಾನೆ."